ಓದಿನ ಸಂಖ್ಯೆಯೂ ಓದಿನ ನಿಯಮವೂ

ಹೊಸ ವರ್ಷವನ್ನು ಜನವರಿಯಿಂದ ಎಣಿಸುವವರಾಗಲಿ ಯುಗಾದಿಯಿಂದ ಎಣಿಸುವವರಾಗಲಿ, ವಿದ್ಯಾವಂತರಾದ ತರುಣ ತರುಣಿಯರಲ್ಲಿ ಹಲವರು ಆ ಶುಭದಿನದಲ್ಲಿ ಕೈಗೊಳ್ಳುವ ಸಂಕಲ್ಪಗಳ ಸಾಲಿಗೆ ಈಚೆಗೆ ಓದಿನ ಸಂಕಲ್ಪವೂ ಸೇರಿರುವುದು ಸಂತೋಷಪಡತಕ್ಕ ಸಂಗತಿ. ಈ ವರ್ಷ ಇಪ್ಪತ್ತೈದು ಪುಸ್ತಕ, ಐವತ್ತು ಪುಸ್ತಕ, ಉತ್ಸಾಹಶಾಲಿಗಳಾದವರ ಪಾಲಿಗೆ ನೂರು ಪುಸ್ತಕ ಎಂದು ಗುರಿಯೊಂದನ್ನು ನಿಶ್ಚಯಿಸಿಕೊಂಡು, ಓದಿ ಮುಗಿಸಿದ ಪ್ರತಿಯೊಂದು ಗ್ರಂಥದ ಹೆಸರನ್ನೂ ನೋಟ್‌ಬುಕ್ಕಿನಲ್ಲೋ ಮೊಬೈಲಿನಲ್ಲೋ ಕ್ರಮವಾಗಿ ಬರೆದಿಡುತ್ತ, ಡಿಸೆಂಬರ್ ತಿಂಗಳಲ್ಲಿ ಆ ಪಟ್ಟಿಯನ್ನು ಸ್ನೇಹಿತರ ಮುಂದಿಡುವ ಪದ್ಧತಿ ನಮ್ಮ ನಗರಗಳಲ್ಲಿ ಬಳಕೆಗೆ ಬಂದಿದೆ. ಗುಡ್‌ರೀಡ್ಸ್ ಮೊದಲಾದ ಆ್ಯಪ್‌ಗಳು ಗುರಿಯಲ್ಲಿ ಎಷ್ಟು ಭಾಗ ಸಂದಿತು, ಎಷ್ಟು ಭಾಗ ಉಳಿಯಿತು ಎಂಬುದನ್ನು ದಿನದಿನವೂ ಗೆರೆಯೆಳೆದು ತೋರಿಸುತ್ತವೆ. ಪುಸ್ತಕವನ್ನು ಕೈಗೆತ್ತಿಕೊಳ್ಳುವವರೇ ವಿರಳರಾದರೆಂದು ನಾವು ವ್ಯಥೆಪಡುತ್ತಿರುವ ಕಾಲದಲ್ಲಿ ಇಂಥದೊಂದು ಉತ್ಸಾಹವನ್ನು ಹಗುರವಾಗಿ ಕಾಣುವುದು ಯಾರಿಗೂ ಒಪ್ಪುವುದಿಲ್ಲ. ಓದಿದ್ದನ್ನು ಬರೆದಿಡುವ ಅಭ್ಯಾಸವನ್ನು ನಾನು ಮನಃಪೂರ್ವಕವಾಗಿ ಸಮರ್ಥಿಸತಕ್ಕವನು. ನನ್ನ ಭಿನ್ನಾಭಿಪ್ರಾಯವೆಲ್ಲ ಆ ಬರವಣಿಗೆಗೆ ಸಂಖ್ಯೆಯನ್ನು ಒಡೆಯನನ್ನಾಗಿ ನಿಲ್ಲಿಸುವ ವಿಷಯದಲ್ಲಿ. ಗುರಿಯನ್ನು ಪುಸ್ತಕಗಳ ಎಣಿಕೆಯಲ್ಲಿ ಇಟ್ಟುಕೊಳ್ಳುವುದಕ್ಕಿಂತ ಓದುವ ಕಾಲದ ನಿಯಮದಲ್ಲಿ ಇಟ್ಟುಕೊಂಡವನಿಗೆ ಲಾಭವು ಹೆಚ್ಚೆಂಬುದು ನನ್ನ ದೃಢವಾದ ನಂಬಿಕೆ.

ಮೊದಲು, ಬರೆದಿಡುವುದೇತಕ್ಕೆ ಎಂಬ ಪ್ರಶ್ನೆ. ಓದು ಮನಸ್ಸಿನ ಆನಂದಕ್ಕೆ ಸಂಬಂಧಪಟ್ಟದ್ದು, ಅದಕ್ಕೆ ಕಡತವೇಕೆ ಎಂದು ಕೇಳುವ ರಸಿಕರು ಉಂಟು. ಇವರಿಗೆ ಉತ್ತರವಾಗಿ ನಾನು ಮುಂದಿಡಬಯಸುವುದು ಚಾರ್ಲ್ಸ್ ಡಾರ್ವಿನ್ ಮಹಾಶಯನ ದೃಷ್ಟಾಂತವನ್ನು. ಬೀಗಲ್ ನೌಕೆಯ ಯಾತ್ರೆಯಿಂದ ಹಿಂದಿರುಗಿದ ಎರಡು ವರ್ಷಗಳ ಮೇಲೆ, 1838ರಲ್ಲಿ, ಆತನು ತಾನು ಓದಬೇಕಾಗಿರುವ ಪುಸ್ತಕಗಳದೊಂದು ಪಟ್ಟಿಯನ್ನೂ ಓದಿ ಮುಗಿಸಿದವುಗಳದೊಂದು ಪಟ್ಟಿಯನ್ನೂ ನೋಟ್‌ಬುಕ್ಕಿನಲ್ಲಿ ಆರಂಭಿಸಿ, 1860ರವರೆಗೆ ಆ ಕ್ರಮವನ್ನು ಬಿಡದೆ ನಡೆಸಿಕೊಂಡು ಬಂದನು. ಜೀವಿಗಳ ಬದುಕಿನ ಹೋರಾಟದ ಭಾವನೆಯನ್ನು ಆತನ ಬುದ್ಧಿಯಲ್ಲಿ ಹೊತ್ತಿಸಿದ ಮಾಲ್ಥಸ್ಸನ ಜನಸಂಖ್ಯಾ ಪ್ರಬಂಧವನ್ನು ಆತನು ಓದಿದ್ದು ಪಟ್ಟಿಯ ಆ ಮೊದಲ ವರ್ಷದಲ್ಲಿಯೇ; ಅದರಿಂದ ಮೊಳೆತ ಸಿದ್ಧಾಂತವು ಗ್ರಂಥರೂಪದಲ್ಲಿ ಲೋಕದ ಮುಂದೆ ಬಂದದ್ದು 1859ರಲ್ಲಿ. ನಡುವಣ ಇಪ್ಪತ್ತೊಂದು ವರ್ಷಗಳ ಓದೆಲ್ಲವೂ ಎಲ್ಲಿಯೂ ಸೋರಿಹೋಗದೆ ಒಂದು ಉದ್ದೇಶಕ್ಕೆ ಒದಗಿಬಂದದ್ದಾದರೂ ಹೇಗೆ? ಆತನ ಕ್ರಮವು ಬಹು ಸರಳವಾದದ್ದು. ಸ್ವಂತದ ಪುಸ್ತಕವಾದರೆ, ತನ್ನ ಕೆಲಸಕ್ಕೆ ಬೇಕಾದ ಸಂಗತಿಗಳ ಪುಟಸೂಚಿಯೊಂದನ್ನು ಆ ಪುಸ್ತಕದ ಕೊನೆಯಲ್ಲಿ ಬರೆಯುವುದು. ಬೇರೆಯವರದಾದರೆ ಸಂಗ್ರಹವೊಂದನ್ನು ಬೇರೆ ಹಾಳೆಯಲ್ಲಿ ಬರೆದು ಇಟ್ಟುಕೊಳ್ಳುವುದು. ಹೀಗೆ ಒಟ್ಟುಗೂಡಿದ ಹಾಳೆಗಳನ್ನು ವಿಷಯವಾರು ಮೂವತ್ತು ನಲವತ್ತು ದೊಡ್ಡ ಕಡತಗಳಲ್ಲಿ ಹಂಚಿ, ಹೆಸರಿನ ಚೀಟಿ ಅಂಟಿಸಿದ ಬೀರುಗಳಲ್ಲಿ ಜೋಡಿಸುವುದು. ಹೊಸ ವಿಷಯವನ್ನು ಕುರಿತು ಬರೆಯತೊಡಗುವ ಮುನ್ನ ಆ ಸೂಚಿಗಳನ್ನೆಲ್ಲ ಒಮ್ಮೆ ತಿರುವಿ ನೋಡುವುದು. ಪುಸ್ತಕವನ್ನು ದೇವರ ಪಟದಂತೆ ಪೂಜಿಸುವ ನಮ್ಮವರಿಗೆ ಕೇಳಿ ಸಂಕಟವಾಗಬಹುದಾದರೂ, ದಪ್ಪ ಪುಸ್ತಕಗಳನ್ನು ಕೈಯಲ್ಲಿ ಹಿಡಿಯಲು ಅನುಕೂಲವಾಗಲೆಂದು ಆತನು ನಡುವೆ ಸೀಳಿ ಎರಡು ಮಾಡಿಕೊಳ್ಳುತ್ತಿದ್ದನೆಂದು ಆತನ ಮಗನೇ ಬರೆದಿದ್ದಾನೆ. ವೃದ್ಧಾಪ್ಯದಲ್ಲಿ ತನ್ನ ಹಳೆಯ ಪಟ್ಟಿಯನ್ನು ಕಂಡಾಗ ತನ್ನ ಶ್ರಮಶೀಲತೆಗೆ ತಾನೇ ಬೆರಗಾದೆನೆಂದು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ.

ಆದರೆ ಅದೇ ಆತ್ಮಕಥೆಯಲ್ಲಿ ಮತ್ತೊಂದು ಪ್ರಕರಣವುಂಟು; ನನ್ನ ವಾದಕ್ಕೆ ಮುಖ್ಯವಾಗಿ ಬೇಕಾದದ್ದು ಅದು. ತಾರುಣ್ಯದಲ್ಲಿ ಆತನಿಗೆ ಕಾವ್ಯವೆಂದರೆ ಪ್ರಾಣ. ಬೀಗಲ್ ಯಾತ್ರೆಯಲ್ಲಿ ನೌಕೆಯಿಂದಿಳಿದು ಒಳನಾಡಿಗೆ ಹೊರಡುವಾಗ ಒಂದೇ ಒಂದು ಪುಸ್ತಕವನ್ನು ಒಯ್ಯಲು ಅವಕಾಶವಿದ್ದರೆ ಆತನು ಆರಿಸಿಕೊಳ್ಳುತ್ತಿದ್ದುದು ಮಿಲ್ಟನ್ ಮಹಾಕವಿಯ ಕಾವ್ಯವನ್ನು. ಅಂಥವನಿಗೆ ಮುಪ್ಪಿನಲ್ಲಿ ಕಾವ್ಯದ ಒಂದು ಪಂಕ್ತಿಯನ್ನು ಓದುವುದೂ ಅಸಾಧ್ಯವಾಯಿತು. ಷೇಕ್ಸ್‌ಪಿಯರನನ್ನು ಮತ್ತೆ ಓದಲು ಪ್ರಯತ್ನಿಸಿ ಬೇಸರದಿಂದ ಕೆಳಗಿಟ್ಟನು. ಸಂಗತಿಗಳ ರಾಶಿಯಿಂದ ಸಾಮಾನ್ಯ ನಿಯಮಗಳನ್ನು ಅರೆದು ತೆಗೆಯುವುದೊಂದೇ ತನ್ನ ಮನಸ್ಸಿನ ವ್ಯಾಪಾರವಾಗಿ ಹೋಯಿತೆಂದೂ, ಇನ್ನೊಮ್ಮೆ ಬಾಳುವ ಅವಕಾಶ ದೊರೆಯುವುದಾದರೆ ವಾರಕ್ಕೆ ಒಂದು ಸಲವಾದರೂ ಒಂದಿಷ್ಟು ಕಾವ್ಯವನ್ನು ಓದುವುದನ್ನೂ ಒಂದಿಷ್ಟು ಸಂಗೀತವನ್ನು ಕೇಳುವುದನ್ನೂ ನಿಯಮವಾಗಿ ಇಟ್ಟುಕೊಳ್ಳುವೆನೆಂದೂ ಆತನು ಆರ್ತನಾಗಿ ಬರೆದಿದ್ದಾನೆ. ವಾಚಕರು ಇಲ್ಲಿ ಗಮನಿಸಬೇಕಾದ ಅಂಶವೊಂದುಂಟು. ಇಪ್ಪತ್ತೆರಡು ವರ್ಷ ಪಟ್ಟಿಯನ್ನು ಬರೆದ ಮಹಾನುಭಾವನು ಕೊನೆಗೆ ಬಯಸಿದ್ದು ಆ ಪಟ್ಟಿಯು ಇನ್ನಷ್ಟು ಉದ್ದವಾಗಿರಬೇಕಾಗಿತ್ತೆಂದಲ್ಲ. ವಾರದ ಒಂದು ಹೊತ್ತನ್ನು, ಒಂದು ಬಗೆಯ ಓದಿಗೆಂದು, ಮೀಸಲಾಗಿ ಇಡಬೇಕಾಗಿತ್ತೆಂದು.

ಸಂಖ್ಯೆಯು ಸ್ವತಃ ದೋಷವುಳ್ಳದ್ದೆಂದು ನನ್ನ ಮಾತಿನ ಅರ್ಥವಲ್ಲ. ನಮ್ಮ ಧರ್ಮಾಚರಣೆಯಲ್ಲಿಯೇ ಸಂಖ್ಯೆಗೆ ಗೌರವದ ಸ್ಥಾನವಿದೆ: ಜಪಮಾಲೆಗೆ 108 ಮಣಿ, ಲಕ್ಷಾರ್ಚನೆ, ರಾಮಕೋಟಿ ಬರೆಯುವ ವ್ರತ. ಆದರೆ ಜಪದಲ್ಲಿ ಮೊದಲನೆಯ ಮಣಿಗೂ ನೂರೆಂಟನೆಯ ಮಣಿಗೂ ಉಚ್ಚರಿಸುವ ನಾಮವು ಒಂದೇ. ಸಮಾನವಾದ ವಸ್ತುಗಳನ್ನು ಎಣಿಸಿದಾಗ ಎಣಿಕೆಗೆ ಅರ್ಥವಿರುತ್ತದೆ. ಪುಸ್ತಕಗಳು ಹಾಗೆ ಸಮಾನವಾದ ವಸ್ತುಗಳೆ? ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕವನಸಂಕಲನವೂ ಒಂದು, ಎಂಟು ಸಾವಿರಕ್ಕೂ ಮೀರಿದ ಷಟ್ಪದಿಗಳುಳ್ಳ ಗದುಗಿನ ಭಾರತವೂ ಒಂದು ಎಂದು ಬರೆದುಕೊಳ್ಳುವ ಲೆಕ್ಕವು ಯಾವುದನ್ನು ಅಳೆಯುತ್ತಿದೆ? ಕಾರಂತರ ‘ಬೆಟ್ಟದ ಜೀವ’ವನ್ನು ಎರಡು ಸಂಜೆಗಳಲ್ಲಿ ಓದಿ ಮುಗಿಸಬಹುದು, ಅವರದೇ ‘ಮರಳಿ ಮಣ್ಣಿಗೆ’ಯು ಮೂರು ತಲೆಮಾರುಗಳ ಬಾಳನ್ನು ಹೊತ್ತು ನಿಂತಿದೆ, ಅದು ಓದುಗನಿಂದ ವಾರಗಳನ್ನು ಬೇಡುತ್ತದೆ, ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಅದಕ್ಕಿಂತಲೂ ಹೆಚ್ಚು ಬೇಡೀತು. ಐವತ್ತರ ಗುರಿಯನ್ನು ಹೊತ್ತವನು, ಅದರಲ್ಲಿಯೂ ಅಕ್ಟೋಬರ್ ತಿಂಗಳಲ್ಲಿ ಗುರಿಗೆ ಹಿಂದೆ ಬಿದ್ದವನು, ಪುಸ್ತಕದ ಅಂಗಡಿಯಲ್ಲಿ ನಿಂತು ಕೈ ಚಾಚುವುದು ಯಾವ ಕಡೆಗೆಂಬುದನ್ನು ಊಹಿಸುವುದು ಕಷ್ಟವಲ್ಲ. ತೆಳ್ಳನೆಯ ಪುಸ್ತಕಗಳೆಲ್ಲ ಕೀಳೆಂದು ನಾನು ಹೇಳುತ್ತಿಲ್ಲ. ನಮ್ಮ ಭಾಷೆಯ ಅತ್ಯುತ್ತಮ ಕೃತಿಗಳಲ್ಲಿ ಎಷ್ಟೋ ಕಿರಿದಾದವು. ಆದರೆ ಕನ್ನಡಕ್ಕೆ ಕೀರ್ತಿಯನ್ನು ತಂದ ಗ್ರಂಥಗಳಲ್ಲಿ ಬಹು ಪಾಲು ನಿಧಾನವನ್ನು ಬಯಸುವಂಥವು: ಪಂಪಭಾರತವನ್ನು ಟೀಕೆಯ ಸಹಾಯವಿಲ್ಲದೆ ಇಂದಿನ ಓದುಗನು ದಾಟಲಾರನು, ‘ಶ್ರೀರಾಮಾಯಣ ದರ್ಶನಂ’ನ ಮಹೋಪಮೆಗಳ ಮುಂದೆ ಅವಸರದ ಕಣ್ಣು ನಿಲ್ಲಲಾರದು. ಹೀಗೆ ವರ್ಷಾವಧಿಯ ಸಂಖ್ಯೆಯು ಬಾಯಿಬಿಟ್ಟು ಯಾರನ್ನೂ ತಡೆಯದಿದ್ದರೂ, ನಮ್ಮ ತರುಣರನ್ನು ನಮ್ಮ ಮಹಾಕೃತಿಗಳಿಂದ ಸದ್ದಿಲ್ಲದೆ ದೂರವಿರಿಸುತ್ತದೆ. ಮತ್ತೆ ಓದುವುದಕ್ಕೂ ಅದರಲ್ಲಿ ಎಡೆಯಿಲ್ಲ. ಒಮ್ಮೆ ಓದಿದ್ದನ್ನು ಇನ್ನೊಮ್ಮೆ ಓದಿದವನು ಲೆಕ್ಕದಲ್ಲಿ ಹಿಂದೆ ಬಿದ್ದಂತೆಯೇ ಸರಿ. ಆದರೆ ಎರಡನೆಯ ಓದಿನಲ್ಲಿ ಮಾತ್ರ ತಮ್ಮ ಬಾಗಿಲನ್ನು ತೆರೆಯುವ ಕೃತಿಗಳು ಎಷ್ಟಿಲ್ಲ!

ಓದಿಗೆ ಅಳತೆಯನ್ನು ಕಟ್ಟಿಕೊಳ್ಳುವುದು ನಮ್ಮವರಿಗೆ ಹೊಸತಾದದ್ದಲ್ಲ. ಋಗ್ವೇದಕ್ಕೆ ಎರಡು ವಿಧದ ವಿಭಾಗಗಳುಂಟೆಂಬುದನ್ನು ಬಲ್ಲವರು ಬಲ್ಲರು. ಋಷಿಕುಲಗಳನ್ನೂ ದೇವತೆಗಳನ್ನೂ ಅನುಸರಿಸಿ ಹತ್ತು ಮಂಡಲಗಳಾಗಿ ಮಾಡಿದ್ದು ಒಂದು. ಅಷ್ಟಕಗಳು ಎಂಟು, ಪ್ರತಿಯೊಂದು ಅಷ್ಟಕಕ್ಕೂ ಅಧ್ಯಾಯಗಳು ಎಂಟು, ಅಧ್ಯಾಯಗಳೊಳಗೆ ಸಣ್ಣ ಸಣ್ಣ ವರ್ಗಗಳು ಎಂದು, ಅರ್ಥಸಂದರ್ಭವನ್ನು ಬದಿಗಿಟ್ಟು, ಗುರುವಿನ ಎದುರು ಕುಳಿತ ವಟುವು ಒಂದು ಸಲಕ್ಕೆ ಎಷ್ಟನ್ನು ಹೇಳಿಸಿಕೊಳ್ಳಬಲ್ಲನೆಂಬ ಅನುಕೂಲವನ್ನೇ ನೋಡಿ ಮಾಡಿದ್ದು ಇನ್ನೊಂದು. 64 ಅಧ್ಯಾಯಗಳ ಈ ಎರಡನೆಯ ಅಳತೆಯು ಗುರಿಯೇ ಸರಿ. ಆದರೆ ಅದು ಅಧ್ಯಯನದ ಹೊತ್ತಿಗೆ ಹೊಂದಿಸಿದ ಗುರಿ. ಭಾಗವತದ ಸಪ್ತಾಹ, ರಾಮಾಯಣದ ನವಾಹ ಪಾರಾಯಣಗಳಲ್ಲಿಯೂ ದಿನಕ್ಕೆ ಇಷ್ಟೆಂದು ಕಟ್ಟು ಇರುತ್ತದೆ. ಗ್ರಂಥವು ಮಾತ್ರ ಒಂದೇ. ಶ್ರಾವಣ ಮಾಸದ ರಾತ್ರಿಗಳಲ್ಲಿ ಹಳ್ಳಿಯ ಚಾವಡಿಯಲ್ಲೋ ದೇವಸ್ಥಾನದ ಜಗಲಿಯಲ್ಲೋ ಜೈಮಿನಿ ಭಾರತವನ್ನು ಓದಿಸುತ್ತಿದ್ದ ನಮ್ಮ ಹಿರಿಯರು, ಒಬ್ಬರು ಪದ್ಯವನ್ನು ರಾಗವಾಗಿ ಓದುವುದು, ಮತ್ತೊಬ್ಬರು ಅರ್ಥ ಹೇಳುವುದು, ಮಳೆಯ ದೆಸೆಯಿಂದ ಒಂದು ರಾತ್ರಿ ತಪ್ಪಿದರೆ ಮರುರಾತ್ರಿ ಒಂದು ಸಂಧಿ ಹೆಚ್ಚು ಓದುವುದು, ಕಡೆಯ ದಿನ ಮಂಗಳ ಹಾಡಿ ಪಾನಕ ಕೋಸಂಬರಿ ಹಂಚುವುದು, ಹೀಗೆ ಒಂದೇ ಕಾವ್ಯವನ್ನು ಊರಿಗೆ ಊರೇ ಕೂಡಿ ಮುಗಿಸುತ್ತಿದ್ದರು. ಅಕ್ಷರ ಬಾರದವರೂ ಅದರ ಷಟ್ಪದಿಗಳನ್ನು ಬಾಯಲ್ಲಿ ಆಡಿಸುತ್ತಿದ್ದುದು ಈ ಬಗೆಯ ಓದಿನ ಫಲ.

ಇದಕ್ಕಿಂತಲೂ ಸೂಕ್ಷ್ಮವಾದ ವಿಚಾರವನ್ನು ಜೈನಾಚಾರ್ಯರಲ್ಲಿ ಕಾಣುತ್ತೇವೆ. ಉಮಾಸ್ವಾತಿ ಆಚಾರ್ಯರ ತತ್ತ್ವಾರ್ಥಸೂತ್ರವು ಸ್ವಾಧ್ಯಾಯವನ್ನು ತಪಸ್ಸಿನ ಒಂದು ಬಗೆಯೆಂದು ಎಣಿಸಿ, ಅದಕ್ಕೆ ಐದು ಅಂಗಗಳನ್ನು ಹೇಳುತ್ತದೆ: ಗ್ರಂಥವನ್ನು ಓದುವುದು, ಸಂದೇಹ ಬಂದಲ್ಲಿ ಬಲ್ಲವರನ್ನು ಕೇಳುವುದು, ಓದಿದುದನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ಚಿಂತಿಸುವುದು, ಶುದ್ಧವಾಗಿ ಆವರ್ತಿಸಿ ಬಾಯಿಗೆ ತಂದುಕೊಳ್ಳುವುದು, ಕಡೆಗೆ ಇನ್ನೊಬ್ಬರಿಗೆ ಹೇಳುವುದು. ಕನ್ನಡ ಸಾಹಿತ್ಯದ ಮೊದಲ ಶತಮಾನಗಳನ್ನು ಬೆಳಗಿದ ಕವಿಗಳಲ್ಲಿ ಅನೇಕರು ಈ ಶಿಕ್ಷಣಕ್ರಮದಲ್ಲಿ ನುರಿತವರೆಂಬುದನ್ನು ನೆನೆದರೆ, ಇದು ನಮಗೆ ಪರರ ಮನೆಯ ಮಾತಾಗಲಾರದು. ಈ ಐದರಲ್ಲಿ ಇಂದಿನ ಪಟ್ಟಿಗಳು ಗಣನೆಗೆ ತೆಗೆದುಕೊಳ್ಳುವುದು ಮೊದಲನೆಯ ಒಂದನ್ನು ಮಾತ್ರ. ಪುಸ್ತಕದ ಕೊನೆಯ ಪುಟವನ್ನು ಮಗುಚಿದೊಡನೆ ಲೆಕ್ಕಕ್ಕೆ ಒಂದು ಕೂಡುತ್ತದೆ, ಕೈ ಮುಂದಿನ ಪುಸ್ತಕಕ್ಕೆ ಹೋಗುತ್ತದೆ. ಕೇಳುವುದು, ಚಿಂತಿಸುವುದು, ಆವರ್ತಿಸುವುದು, ಹೇಳುವುದು ಈ ನಾಲ್ಕಕ್ಕೂ ಅಲ್ಲಿ ಅಂಕಣವಿಲ್ಲ.

ಅಂಕಣವಿರುವ ಪುಸ್ತಕ ಹೇಗಿರುತ್ತದೆಂಬುದನ್ನು ನಾನು ಬಲ್ಲೆ. ಪ್ರಾಥಮಿಕ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದ ನನ್ನ ಸೋದರಮಾವನವರು, ಅಂಗಡಿಯವರು ದೀಪಾವಳಿಯಲ್ಲಿ ಪೂಜೆಗಿಡುವ ಕೆಂಪು ರಟ್ಟಿನ ಉದ್ದನೆಯ ಲೆಕ್ಕದ ಪುಸ್ತಕವೊಂದನ್ನು ಇದಕ್ಕಾಗಿಯೇ ಇಟ್ಟುಕೊಂಡಿದ್ದರು. ಪುಟದ ನೆತ್ತಿಯಲ್ಲಿ ‘ಶ್ರೀ’ಕಾರ, ಅದರ ಕೆಳಗೆ ಅಡ್ಡಪಟ್ಟಿಯಿಟ್ಟು ಎಳೆದ ಗೆರೆಗಳು. ಹಿಡಿದ ದಿನ, ಪುಸ್ತಕದ ಹೆಸರು, ಯಾರಿಂದ ದೊರೆತದ್ದು, ಮುಗಿಸಿದ ದಿನ, ಇವು ನಾಲ್ಕು ಕಿರಿಯ ಅಂಕಣಗಳು. ಉಳಿದ ಅರ್ಧ ಪುಟವೆಲ್ಲ ಬರೆಯುವುದಕ್ಕೆ ಬಿಟ್ಟ ಜಾಗ. ಕ್ರಮಸಂಖ್ಯೆಯೆಂಬುದು ಎಲ್ಲಿಯೂ ಇರಲಿಲ್ಲ. ಓದಿದ್ದನ್ನು ಪುನಃ ಓದಿದಾಗ ‘ಮತ್ತೆ’ ಎಂದು ಹಸಿರು ಶಾಯಿಯಲ್ಲಿ ಬರೆಯುತ್ತಿದ್ದರು. ನಡುವೆ ಬಿಟ್ಟುದಾದರೆ, ‘ನಿಲ್ಲಿಸಿದೆ’ ಎಂದು ಬರೆದು ಪುಟವನ್ನು ನಮೂದಿಸುತ್ತಿದ್ದರು. ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಅವರು ಹಿಡಿದದ್ದು ಮುಂಗಾರಿನ ಆರಂಭದಲ್ಲಿ. ನಾಟಿಯ ಕಾಲದಲ್ಲಿ ಮನೆಯ ಗದ್ದೆಯ ಕೆಲಸಕ್ಕಾಗಿ ನಿಂತಿತೆಂದು ಒಂದು ಟಿಪ್ಪಣಿ. ಗುತ್ತಿಯ ನಾಯಿ ಹುಲಿಯನ ಗತಿಯನ್ನು ಓದಿದ ದಿನ ಮುಂದಕ್ಕೆ ಓದಲಾಗಲಿಲ್ಲವೆಂದು ಇನ್ನೊಂದು. ಮುಗಿದದ್ದು ದೀಪಾವಳಿಯ ಆಸುಪಾಸಿನಲ್ಲಿ. ಆ ಕಾದಂಬರಿಯನ್ನು ಕುರಿತ ಪಾಂಡಿತ್ಯಪೂರ್ಣವಾದ ಲೇಖನಗಳನ್ನು ನಾನು ಅನಂತರ ಓದಿದ್ದೇನೆ; ಒಂದು ಮಳೆಗಾಲವಿಡೀ ಒಬ್ಬ ಓದುಗನ ಜೊತೆಯಲ್ಲಿ ಅದು ಬದುಕಿದ ಬಗೆಯನ್ನು ಆ ಅರ್ಧ ಪುಟದಷ್ಟು ಚೆನ್ನಾಗಿ ತಿಳಿಸಿದ ಬೇರೆ ಬರಹವನ್ನು ನಾನು ಕಂಡಿಲ್ಲ. ‘ಯಾರಿಂದ ದೊರೆತದ್ದು’ ಎಂಬ ಅಂಕಣವಂತೂ ನನಗೆ ಬಹು ಪ್ರಿಯವಾದದ್ದು. ಅದನ್ನು ಮೇಲಿಂದ ಕೆಳಕ್ಕೆ ಓದಿಕೊಂಡು ಹೋದರೆ, ಒಂದು ತಾಲ್ಲೂಕಿನ ಉಪಾಧ್ಯಾಯರು, ಅಂಚೆಯವರು, ವಕೀಲರು, ಮಠದ ಗ್ರಂಥಭಂಡಾರದವರು ಇವರೆಲ್ಲರ ನಡುವೆ ಪುಸ್ತಕಗಳು ಕೈಯಿಂದ ಕೈಗೆ ನಡೆದಾಡಿದ ದಾರಿಯೇ ಕಾಣುತ್ತದೆ.

ಇಂಥ ಟಿಪ್ಪಣಿಗಳಿಗೆ ಸ್ವಂತದ ಉಪಯೋಗವನ್ನು ಮೀರಿದ ಬೆಲೆಯೂ ಒಮ್ಮೊಮ್ಮೆ ಬರುವುದುಂಟು. ಒಂಬತ್ತನೆಯ ಶತಮಾನದ ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ಫೋಟಿಯಸ್ ಎಂಬ ವಿದ್ವಾಂಸನು ತಾನೋದಿದ 280ರಷ್ಟು ಗ್ರಂಥಗಳ ಸಾರವನ್ನೂ ಅವುಗಳ ಶೈಲಿಯ ಗುಣದೋಷಗಳನ್ನೂ ತನ್ನ ಸೋದರನಿಗಾಗಿ ಬರೆದಿಟ್ಟನು. ಅವುಗಳಲ್ಲಿ ಎಷ್ಟೋ ಗ್ರಂಥಗಳು ಇಂದು ಲೋಕದಲ್ಲಿಲ್ಲ. ಪಾರಸಿಕ ದೊರೆಯ ಆಸ್ಥಾನದಲ್ಲಿದ್ದ ಗ್ರೀಕ್ ವೈದ್ಯ ಕ್ಟೀಸಿಯಸ್ ನಮ್ಮ ದೇಶವನ್ನು ಕುರಿತು ಬರೆದ ಪುಸ್ತಕವು ಇಂದು ನಮಗೆ ತಿಳಿದಿರುವುದು ಬಹುಮಟ್ಟಿಗೆ ಫೋಟಿಯಸ್ಸನ ಆ ಸಂಗ್ರಹದಿಂದಲೇ. ನಮ್ಮಲ್ಲಿ ಆರ್. ನರಸಿಂಹಾಚಾರ್ಯರು 1907ರಲ್ಲಿ ಮೊದಲ ಸಂಪುಟವನ್ನೂ, 1919ರಲ್ಲಿ ಎರಡನೆಯದನ್ನೂ, 1929ರಲ್ಲಿ ಮೂರನೆಯದನ್ನೂ ಹೊರತಂದ ‘ಕರ್ಣಾಟಕ ಕವಿಚರಿತೆ’ಯು ಮೂಲತಃ ಏನು? ಓಲೆಗರಿಗಳನ್ನೂ ಶಾಸನಗಳನ್ನೂ ಒಂದೊಂದಾಗಿ ಓದಿ, ಕವಿಯ ಕಾಲ, ಮತ, ಆಶ್ರಯದಾತ, ಕೃತಿಯ ಪ್ರಮಾಣ, ಮಾದರಿಯ ಪದ್ಯಗಳು ಇವನ್ನು ತಾಳ್ಮೆಯಿಂದ ಗುರುತು ಹಾಕಿಕೊಂಡ ಓದುಗರ ಟಿಪ್ಪಣಿಗಳಲ್ಲವೆ? ಕನ್ನಡ ಸಾಹಿತ್ಯದ ಇತಿಹಾಸಕ್ಕೆ ಅಸ್ತಿಭಾರವಾದದ್ದು ಅದು.

ನಿಯಮದಿಂದ ಓದುವವನ ಉಲ್ಲಾಸ ಎಂಥದೆಂಬುದಕ್ಕೆ ಗಾಂಧೀಜಿಯವರ ಯರವಡಾ ಕಾರಾಗೃಹದ ದಿನಚರಿಯನ್ನು ನೋಡಬೇಕು. 1922ರ ಮಾರ್ಚಿನಲ್ಲಿ ಅವರಿಗೆ ಆರು ವರ್ಷಗಳ ಶಿಕ್ಷೆಯಾಯಿತು. ಸೆರೆಯಲ್ಲಿ ಓದಿದ ಪುಸ್ತಕಗಳ ಹೆಸರುಗಳನ್ನು ಅವರು ದಿನಾಂಕದೊಡನೆ ಗುರುತು ಹಾಕಿದರು. ಬಿಡುಗಡೆಯಾದ ಮೇಲೆ ‘ಯಂಗ್ ಇಂಡಿಯಾ’ದಲ್ಲಿ ಆ ಓದನ್ನು ಕುರಿತು ವಿಸ್ತಾರವಾಗಿ ಬರೆದರು. ಮಹಾಭಾರತ, ಗಿಬ್ಬನ್ನನ ರೋಮಿನ ಇತಿಹಾಸ, ಉರ್ದು, ತಮಿಳು, ಸಂಸ್ಕೃತ ಇವುಗಳಿಗೆಲ್ಲ ಹೊತ್ತನ್ನು ಹಂಚಿಕೊಂಡು, ಐವತ್ತು ದಾಟಿದ ವಯಸ್ಸಿನಲ್ಲಿ ಕಾಲೇಜಿನ ತರುಣನ ಹುರುಪಿನಿಂದ ಅಭ್ಯಾಸಕ್ಕೆ ಕುಳಿತುಕೊಳ್ಳುತ್ತಿದ್ದೆನೆಂಬುದು ಅವರ ಮಾತಿನ ತಾತ್ಪರ್ಯ. 1924ರ ಆರಂಭದಲ್ಲಿ ಕರುಳಿನ ಶಸ್ತ್ರಚಿಕಿತ್ಸೆಯ ಅನಂತರ ಅವಧಿಗೆ ಮುನ್ನವೇ ಬಿಡುಗಡೆ ಬಂದು ಆ ಅಭ್ಯಾಸಕ್ಕೆ ವಿಘ್ನವಾಯಿತು.

ಇಷ್ಟೆಲ್ಲ ಹೇಳಿದ ಮೇಲೂ ಸಂಖ್ಯೆಯ ಪಕ್ಷದವರ ಒಂದು ಮಾತಿಗೆ ಬೆಲೆಯುಂಟೆಂದು ನಾನು ಒಪ್ಪುತ್ತೇನೆ. ವರ್ಷಗಟ್ಟಲೆ ಪುಸ್ತಕವನ್ನು ಮುಟ್ಟದೆ, ಮೊಬೈಲಿನ ತೆರೆಯ ಮೇಲೆ ಬೆರಳಾಡಿಸುವುದರಲ್ಲಿಯೇ ರಾತ್ರಿಗಳನ್ನು ಕಳೆದವನಿಗೆ, ತಿಂಗಳಿಗೊಂದರಂತೆ ಹನ್ನೆರಡು ಪುಸ್ತಕ ಎಂಬ ಗುರಿಯು ಕೈ ಹಿಡಿದೆಬ್ಬಿಸುವ ನೆರವಾಗಬಹುದು. ಮೊದಲ ವರ್ಷಕ್ಕೆ ಅದು ಇರಲಿ. ಎರಡನೆಯ ವರ್ಷದಿಂದ ಅವನು ತನ್ನ ಗುರಿಯ ಮಾತನ್ನು ಬದಲಾಯಿಸಿಕೊಳ್ಳಲಿ: ರಾತ್ರಿ ಊಟವಾದ ಮೇಲೆ ಮುಕ್ಕಾಲು ಗಂಟೆ, ಭಾನುವಾರ ಬೆಳಗ್ಗೆ ಹಳಗನ್ನಡದ ಹತ್ತು ಪದ್ಯ, ಮಳೆಗಾಲಕ್ಕೆ ಒಂದು ಮಹಾಕಾದಂಬರಿ, ವರ್ಷದಲ್ಲಿ ಒಬ್ಬ ಲೇಖಕನ ಕೃತಿಗಳನ್ನಾದರೂ ಮೊದಲಿಂದ ಕೊನೆಯವರೆಗೆ. ಹೀಗೆ ಬರೆದುಕೊಂಡವನಿಗೆ ಡಿಸೆಂಬರಿನ ತಳಮಳವಿಲ್ಲ. ಒಂದು ವಾರ ತಪ್ಪಿದರೆ ಮುಂದಿನ ವಾರವಿದೆ. ಕಠಿನವಾದ ಗ್ರಂಥವು ಅವನಿಗೆ ಲೆಕ್ಕವನ್ನು ಕೆಡಿಸುವ ಶತ್ರುವಾಗಿ ತೋರುವುದಿಲ್ಲ.

ಈ ವಿಚಾರವನ್ನು ವ್ಯಕ್ತಿಗಳ ಇಷ್ಟಕ್ಕೆ ಮಾತ್ರ ಬಿಡದೆ ನಮ್ಮ ಶಾಲೆಗಳೂ ಗ್ರಂಥಾಲಯಗಳೂ ಗಮನಿಸಬೇಕೆಂದು ನನ್ನ ಅಪೇಕ್ಷೆ. ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳೆಂಬ ಹೆಸರನ್ನು ಪಡೆದಿವೆ, ‘ಓದುವ ಬೆಳಕು’ ಎಂಬ ಕಾರ್ಯಕ್ರಮದ ಮೂಲಕ ಹಳ್ಳಿಯ ಮಕ್ಕಳನ್ನು ಅಲ್ಲಿಗೆ ಕರೆತರುವ ಸ್ತುತ್ಯವಾದ ಪ್ರಯತ್ನವು 2020ರಿಂದ ನಡೆದಿದೆ. ಇಂಥ ಕಡೆಗಳಲ್ಲಿ ಅತಿ ಹೆಚ್ಚು ಪುಸ್ತಕಗಳನ್ನು ಓದಿದ ಮಗುವಿಗೆ ಬಹುಮಾನವೆಂದು ಸ್ಪರ್ಧೆಯನ್ನೇರ್ಪಡಿಸುವ ಚಪಲವು ಸಹಜವಾದದ್ದು. ಆದರೆ ಅದರಿಂದ ಮಗುವು ಕಲಿಯುವುದು ಪುಟಗಳನ್ನು ಬೇಗ ಮಗುಚುವ ವಿದ್ಯೆಯನ್ನು. ಅದಕ್ಕೆ ಬದಲಾಗಿ ಪ್ರತಿಯೊಂದು ಮಗುವಿಗೂ ನಲವತ್ತು ಪುಟಗಳ ಒಂದು ನೋಟ್‌ಬುಕ್ಕನ್ನು ಕೊಟ್ಟು, ಪುಸ್ತಕವನ್ನು ಹಿಂದಿರುಗಿಸುವಾಗ ಎರಡು ಸಾಲುಗಳನ್ನು ತನ್ನ ಸ್ವಂತ ಮಾತಿನಲ್ಲಿ ಬರೆಯಹೇಳಬೇಕು: ಯಾವುದು ಹಿಡಿಸಿತು, ಯಾವುದು ತಿಳಿಯಲಿಲ್ಲ. ಬರವಣಿಗೆಯ ತಪ್ಪುಗಳಿಗೆ ಕೆಂಪು ಶಾಯಿ ಬೇಡ, ಅಂಕವೂ ಬೇಡ. ಓದಲಾರದೆ ಬಿಟ್ಟ ಪುಸ್ತಕದ ಹೆಸರಿಗೂ ಅದರಲ್ಲಿ ಸ್ಥಾನವಿರಲಿ. ಗ್ರಂಥಾಲಯ ವಿಜ್ಞಾನಕ್ಕೆ ಪಂಚಸೂತ್ರಗಳನ್ನು 1931ರಲ್ಲಿ ಗ್ರಂಥರೂಪವಾಗಿ ಕೊಟ್ಟು, ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಎಸ್. ಆರ್. ರಂಗನಾಥನ್ ಅವರು ಗ್ರಂಥಪಾಲಕನಿಂದ ಅಪೇಕ್ಷಿಸಿದ್ದು, ಓದುಗನಿಗೆ ಅವನಿಗೆ ತಕ್ಕ ಪುಸ್ತಕವನ್ನೂ ಪುಸ್ತಕಕ್ಕೆ ಅದಕ್ಕೆ ತಕ್ಕ ಓದುಗನನ್ನೂ ಕೂಡಿಸುವ ಕಾರ್ಯವನ್ನು. ತಿಳಿಯಲಿಲ್ಲವೆಂದು ಮಗು ಬರೆದ ಆ ಎರಡನೆಯ ಸಾಲನ್ನು ಗ್ರಂಥಪಾಲಕನು ಓದಿ ನೋಡಿದನೆಂದರೆ, ಮುಂದಿನ ವಾರ ಆ ಮಗುವಿನ ಕೈಗೆ ಯಾವ ಪುಸ್ತಕವನ್ನು ಇಡಬೇಕೆಂಬುದು ಅವನಿಗೆ ತಿಳಿಯುತ್ತದೆ. ವರ್ಷದ ಕೊನೆಯಲ್ಲಿ ಹೊಸ ಪುಸ್ತಕಗಳನ್ನು ತರಿಸುವ ಸಂದರ್ಭ ಬಂದಾಗ, ತನ್ನ ಊರಿನ ಮಕ್ಕಳಿಗೆ ಬೇಕಾದುದೇನೆಂದು ಮೇಲಧಿಕಾರಿಗಳಿಗೆ ಬರೆಯುವುದಕ್ಕೆ ಅವನ ಬಳಿ ಆಧಾರವೂ ಇರುತ್ತದೆ.